ಬ್ರೇಕಿನ ಎಚ್ಚರಿಕೆ ದೀಪಗಳು: ಅರಿವು ಮತ್ತು ಆಚರಣೆ

ವಾಹನವೊಂದನ್ನು ಕೊಳ್ಳುವಾಗ ಅದು ಎಷ್ಟು ವೇಗವಾಗಿ ಓಡುತ್ತದೆ, ಲೀಟರ್ ಇಂಧನಕ್ಕೆ ಎಷ್ಟು ಕಿಲೋಮೀಟರ್ ಸಾಗುತ್ತದೆ, ಎಷ್ಟು ಜನರನ್ನು ಹೊರುತ್ತದೆ ಎಂದು ವಿಚಾರಿಸುವವರು ಬಹುಮಂದಿ. ಅದು ಹೇಗೆ ನಿಲ್ಲುತ್ತದೆ ಎಂದು ವಿಚಾರಿಸುವವರು ವಿರಳ. ಓಟವು ನಿತ್ಯವೂ ಕಣ್ಣಿಗೆ ಕಾಣುವ ಗುಣ. ನಿಲುಗಡೆಯಾದರೋ ಆಪತ್ತಿನ ಗಳಿಗೆ ಬಂದೊದಗುವವರೆಗೆ ನಿಜವಾದ ಪರೀಕ್ಷೆಗೆ ಒಳಗಾಗದು. ಆದಕಾರಣವೇ ಬ್ರೇಕಿನ ಸ್ಥಿತಿಗತಿಯನ್ನು ಆ ಗಳಿಗೆಗೆ ಮುಂಚೆಯೇ ತಿಳಿಸುವ ವ್ಯವಸ್ಥೆಯೊಂದು ಅಗತ್ಯವಾಯಿತು. ಚಾಲಕನ ಕಣ್ಣೆದುರಿನ ಫಲಕದ ಮೇಲೆ ಆಗಾಗ ಹೊತ್ತುವ ಚಿಕ್ಕ ಕೆಂಪು ದೀಪವೇ ಆ ವ್ಯವಸ್ಥೆ. ಈ ದೀಪ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಅದು ಹೊತ್ತಿದಾಗ ಮಾಡಬೇಕಾದುದೇನು ಎಂಬುದನ್ನು ವಾಹನ ನಡೆಸುವವರು ಮಾತ್ರವಲ್ಲ, ವಾಹನವನ್ನು ಇಟ್ಟುಕೊಂಡಿರುವ ಸಂಸ್ಥೆಗಳವರೂ ಅದರಲ್ಲಿ ಮಕ್ಕಳನ್ನು ಕಳುಹಿಸುವವರೂ ತಿಳಿದಿರುವುದು ಲೇಸು.

ಬ್ರೇಕು ಮಾಡುವ ಕೆಲಸ

೧,೨೦೦ ಕಿಲೋಗ್ರಾಂ ತೂಕದ ಸಾಧಾರಣ ಕಾರೊಂದು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದು ಭಾವಿಸೋಣ. ಆಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು ೧,೬೭,೦೦೦ ಜೂಲ್. ಅದೇ ಕಾರನ್ನು ೧೪ ಮೀಟರ್ ಎತ್ತರಕ್ಕೆ, ಅಂದರೆ ನಾಲ್ಕಂತಸ್ತಿನ ಕಟ್ಟಡದ ನೆತ್ತಿಗೆ ಎತ್ತಲು ಬೇಕಾಗುವಷ್ಟು ಶಕ್ತಿಯಿದು. ವೇಗವು ಇಮ್ಮಡಿಯಾದರೆ ಈ ಶಕ್ತಿ ನಾಲ್ಮಡಿಯಾಗುತ್ತದೆ. ವಾಹನವನ್ನು ನಿಲ್ಲಿಸುವುದೆಂದರೆ ಈ ಶಕ್ತಿಯನ್ನೆಲ್ಲ ಕೆಲವೇ ಕ್ಷಣಗಳಲ್ಲಿ ಶಾಖವನ್ನಾಗಿ ಪರಿವರ್ತಿಸಿ ಗಾಳಿಗೆ ಬಿಟ್ಟುಬಿಡುವುದು. ಗಾಲಿಯೊಡನೆ ತಿರುಗುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಎರಡು ಬದಿಗಳಿಂದ ಪ್ಯಾಡುಗಳು ಹಿಡಿಯುತ್ತವೆ. ಅಥವಾ ಡ್ರಮ್ಮಿನ ಒಳಮೈಯನ್ನು ಲೈನಿಂಗ್ ಹೊದ್ದ ಷೂಗಳು ಒತ್ತುತ್ತವೆ. ಈ ಘರ್ಷಣೆಯಿಂದ ಶಾಖವು ಹುಟ್ಟುತ್ತದೆ. ಅದರೊಡನೆ ಪ್ಯಾಡು, ಲೈನಿಂಗುಗಳು ಸ್ವಲ್ಪಸ್ವಲ್ಪವೇ ಸವೆಯುತ್ತವೆ. ಸವೆಯುವುದೇ ಅವುಗಳ ಧರ್ಮ; ಅದು ದೋಷವಲ್ಲ.

ಕಾಲಿನ ಒತ್ತಡವು ಗಾಲಿಯನ್ನು ತಲಪುವ ಬಗೆಯನ್ನು ತಿಳಿಯಲು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನ ನಿಯಮವನ್ನು ಸ್ಮರಿಸಬೇಕು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಕುಗ್ಗದೆ ಎಲ್ಲ ದಿಕ್ಕಿಗೂ ಹರಡುತ್ತದೆಂಬ ಈ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಉದಾಹರಣೆಗೆ, ಚಾಲಕನು ಪೆಡಲಿನ ಮೇಲೆ ೨೦ ಕಿಲೋಗ್ರಾಂ ಭಾರದಷ್ಟು ಬಲ ಹಾಕಿದನೆನ್ನೋಣ. ಪೆಡಲಿನ ಸನ್ನೆಯು ಅದನ್ನು ನಾಲ್ಮಡಿಗೊಳಿಸಿ ೮೦ ಕಿಲೋಗ್ರಾಂ ಮಾಡುತ್ತದೆ. ಮಾಸ್ಟರ್ ಸಿಲಿಂಡರಿನ ಕೊಂತದ ವಿಸ್ತೀರ್ಣ ೪ ಚದರ ಸೆಂಟಿಮೀಟರ್ ಆಗಿದ್ದರೆ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ೨೦ ಕಿಲೋಗ್ರಾಂ ಒತ್ತಡ ಉಂಟಾಗುತ್ತದೆ. ಗಾಲಿಯ ಬಳಿಯ ಕೊಂತವು ೨೦ ಚದರ ಸೆಂಟಿಮೀಟರ್ ಇದ್ದರೆ ಅಲ್ಲಿ ಪ್ಯಾಡನ್ನು ಒತ್ತುವ ಬಲವು ೪೦೦ ಕಿಲೋಗ್ರಾಂ! ಇಂದಿನ ಕಾರುಗಳಲ್ಲಿ ಎಂಜಿನ್ನಿನ ನೆರವಿನಿಂದ ಕೆಲಸಮಾಡುವ ಬೂಸ್ಟರ್ ಈ ಬಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬವನು ಈ ಬಗೆಯ ದ್ರವಚಾಲಿತ ಬ್ರೇಕಿಗೆ ೧೯೧೭ರಲ್ಲಿ ಹಕ್ಕುಪತ್ರ ಪಡೆದನು. ೧೯೨೧ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕು ಗಾಲಿಗಳಿಗೂ ಅದನ್ನು ಅಳವಡಿಸಿಕೊಂಡಿತು.

ಇಷ್ಟೆಲ್ಲವೂ ನಿಂತಿರುವುದು ಒಂದು ಡಬ್ಬಿಯಷ್ಟೂ ಆಗದ ದ್ರವದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ದ್ರವವು ಸೋರಿದರೆ ಒತ್ತಡವಿಲ್ಲ, ಒತ್ತಡವಿಲ್ಲದಿದ್ದರೆ ಬ್ರೇಕಿಲ್ಲ.

ದೀಪವು ಹುಟ್ಟಿದ ಬಗೆ

ಹಿಂದಿನ ಬಹುತೇಕ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ಸೇರಿ ಒಂದೇ ದ್ರವಮಾರ್ಗವಿರುತ್ತಿತ್ತು. ಎಲ್ಲಿಯೋ ಒಂದು ಹೋಸ್ ಪೈಪು ಒಡೆದರೆ ನಾಲ್ಕೂ ಬ್ರೇಕುಗಳು ಏಕಕಾಲಕ್ಕೆ ಕೈಕೊಡುತ್ತಿದ್ದವು. ಇದಕ್ಕೆ ಪರಿಹಾರವಾಗಿ ದ್ರವಮಾರ್ಗವನ್ನು ಎರಡಾಗಿ ವಿಂಗಡಿಸುವ ಪದ್ಧತಿ ಬಂದಿತು. ಕೆಲವು ವಾಹನಗಳಲ್ಲಿ ಮುಂದಿನ ಗಾಲಿಗಳಿಗೊಂದು, ಹಿಂದಿನವುಗಳಿಗೊಂದು. ಇನ್ನು ಕೆಲವುಗಳಲ್ಲಿ ಮುಂದಿನ ಎಡಗಾಲಿಯೊಡನೆ ಹಿಂದಿನ ಬಲಗಾಲಿ, ಮುಂದಿನ ಬಲಗಾಲಿಯೊಡನೆ ಹಿಂದಿನ ಎಡಗಾಲಿ ಎಂಬಂತೆ ಕರ್ಣರೇಖೆಯ ಜೋಡಣೆ. ಒಂದು ಮಾರ್ಗ ಕೆಟ್ಟರೂ ಮತ್ತೊಂದು ಉಳಿದು ವಾಹನವನ್ನು ನಿಲ್ಲಿಸುತ್ತದೆ.

ಆದರೆ ಈ ಉಪಕಾರದೊಳಗೇ ಹೊಸ ಅಪಾಯವೊಂದು ಅಡಗಿತ್ತು. ಒಂದು ಮಾರ್ಗವು ಕೆಟ್ಟ ಮೇಲೂ ವಾಹನವು ಹೇಗೋ ನಿಲ್ಲುತ್ತಿದ್ದುದರಿಂದ, ಪೆಡಲು ಸ್ವಲ್ಪ ಕೆಳಗಿಳಿದುದನ್ನು ಗಮನಿಸದ ಚಾಲಕನು ಅರ್ಧ ಬ್ರೇಕಿನ ಮೇಲೆಯೇ ದಿನಗಟ್ಟಲೆ ಓಡಾಡುವ ಸಂಭವವಿತ್ತು. ಅಷ್ಟರಲ್ಲಿ ಎರಡನೆಯ ಮಾರ್ಗವೂ ಕೆಟ್ಟರೆ ಗತಿಯೇನು? ಆದುದರಿಂದ ಅಮೆರಿಕವು ೧೯೬೮ರಲ್ಲಿ ಜಾರಿಗೆ ತಂದ ಸುರಕ್ಷತಾ ನಿಯಮವು ಕಾರುಗಳಿಗೆ ಎರಡು ದ್ರವಮಾರ್ಗಗಳನ್ನು ಕಡ್ಡಾಯಗೊಳಿಸಿದಾಗ, ಅದರ ಜೊತೆಯಲ್ಲಿಯೇ ಎಚ್ಚರಿಕೆಯ ದೀಪವನ್ನೂ ಕಡ್ಡಾಯಗೊಳಿಸಿತು. ದೀಪದ ಹುಟ್ಟಿನ ಈ ಹಿನ್ನೆಲೆಯಲ್ಲಿಯೇ ಅದರ ಅರ್ಥವೂ ಇದೆ. ಕಾಲಿಗೆ ಇನ್ನೂ ತಿಳಿಯದಿರುವುದನ್ನು ಕಣ್ಣಿಗೆ ತಿಳಿಸುವುದಕ್ಕಾಗಿ ಅದು ಇದೆ. ‘ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿದೆ, ದೀಪ ಮಾತ್ರ ಸುಮ್ಮನೆ ಉರಿಯುತ್ತಿದೆ’ ಎಂಬುದು ಚಾಲಕರ ಬಾಯಲ್ಲಿ ಆಗಾಗ ಕೇಳಿಬರುವ ಮಾತು. ಬ್ರೇಕು ಹಿಡಿಯುತ್ತಿರುವಾಗಲೇ ಉರಿಯುವುದು ಈ ದೀಪದ ಕೆಲಸ. ಹಿಡಿಯುವುದು ನಿಂತ ಮೇಲೆ ಅದನ್ನು ಹೇಳಲು ದೀಪವೇ ಬೇಕಿಲ್ಲ.

ಕೆಂಪು ದೀಪದ ಮೂರು ಅರ್ಥಗಳು

ವೃತ್ತವೊಂದು, ಅದರ ಎರಡು ಬದಿಗೆ ಕಮಾನಿನಂತಹ ಎರಡು ಗೆರೆಗಳು, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ: ಇದು ಬ್ರೇಕಿನ ದೋಷಕ್ಕೆ ಬಳಸುವ ಅಂತರರಾಷ್ಟ್ರೀಯ ಸಂಕೇತ. ಚಿಹ್ನೆಯ ಬದಲು ‘ಪಿ’ ಅಕ್ಷರವಿದ್ದರೆ ಅದು ಕೈಬ್ರೇಕಿನ ಸಂಕೇತ. ಬಹಳಷ್ಟು ಕಾರುಗಳಲ್ಲಿ ಒಂದೇ ಕೆಂಪು ದೀಪವು ಈ ಎರಡು ಕೆಲಸಗಳನ್ನೂ ಮಾಡುತ್ತದೆ. ಆ ದೀಪವು ಹೊತ್ತಲು ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು, ಕೈಬ್ರೇಕು ಎಳೆದಿರುವುದು. ಇದು ಸರಳವಾದ ಕಾರಣವೆಂದು ಉಪೇಕ್ಷಿಸುವಂತಿಲ್ಲ. ಅರ್ಧ ಎಳೆದ ಕೈಬ್ರೇಕಿನೊಡನೆ ಕೆಲವು ಕಿಲೋಮೀಟರ್ ಸಾಗಿದರೆ ಹಿಂದಿನ ಬ್ರೇಕುಗಳು ಕಾದು ಕಮಟು ವಾಸನೆ ಬರುತ್ತದೆ; ಲೈನಿಂಗ್ ಸುಡುತ್ತದೆ. ಮತ್ತೊಂದು ಸಂಗತಿ: ಈ ದೀಪವು ಕೈಬ್ರೇಕಿನ ಸನ್ನೆ ಮೇಲಿದೆಯೇ ಕೆಳಗಿದೆಯೇ ಎಂಬುದನ್ನು ಮಾತ್ರ ಬಲ್ಲದು. ಕೇಬಲ್ ಸಡಿಲವಾಗಿ ಕೈಬ್ರೇಕು ಹಿಡಿಯದೆ ಇದ್ದರೆ ಅದನ್ನು ಹೇಳುವ ಶಕ್ತಿ ಅದಕ್ಕಿಲ್ಲ.

ಎರಡನೆಯದು, ಬ್ರೇಕ್ ಆಯಿಲಿನ ಮಟ್ಟ ತಗ್ಗಿರುವುದು. ಮಾಸ್ಟರ್ ಸಿಲಿಂಡರಿನ ಮೇಲಿರುವ ಅರೆಪಾರದರ್ಶಕ ಡಬ್ಬಿಯೊಳಗೆ ಚಿಕ್ಕದೊಂದು ತೇಲುಗುಂಡು ಇರುತ್ತದೆ. ದ್ರವವು ಕನಿಷ್ಠ ಗುರುತಿಗಿಂತ ಕೆಳಗಿಳಿದರೆ ಆ ಗುಂಡೂ ಇಳಿದು ವಿದ್ಯುತ್ ಸಂಪರ್ಕವುಂಟಾಗಿ ದೀಪ ಹೊತ್ತುತ್ತದೆ. ಮಟ್ಟವು ಗುರುತಿನ ಸಮೀಪದಲ್ಲಿರುವಾಗ ದೀಪವು ಸದಾಕಾಲ ಉರಿಯದೆ, ವಾಹನವು ತಿರುವಿನಲ್ಲಿ ವಾಲಿದಾಗ ಅಥವಾ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿದಾಗ ಮಾತ್ರ ಮಿಣುಕಿ ಆರುತ್ತದೆ. ಹೀಗೆ ಮಿಣುಕಿದುದನ್ನು ತಂತಿಯ ದೋಷವೆಂದು ತಿಳಿದು ಮರೆಯುವುದು ಸಾಮಾನ್ಯ. ವಾಸ್ತವದಲ್ಲಿ ಅದೇ ಅತ್ಯಂತ ಮೊದಲ, ಆದುದರಿಂದಲೇ ಅತ್ಯಂತ ಬೆಲೆಯುಳ್ಳ ಸೂಚನೆ.

ಮೂರನೆಯದು, ಎರಡು ದ್ರವಮಾರ್ಗಗಳ ಒತ್ತಡದಲ್ಲಿ ವ್ಯತ್ಯಾಸವುಂಟಾಗುವುದು. ಕೆಲವು ವಾಹನಗಳಲ್ಲಿ ಇದನ್ನು ಗ್ರಹಿಸುವ ಸಾಧನವಿದ್ದು, ಒಂದು ಮಾರ್ಗದಲ್ಲಿ ಒತ್ತಡ ಕುಸಿದ ಕೂಡಲೇ ದೀಪ ಹೊತ್ತುತ್ತದೆ. ಪೆಡಲನ್ನು ಒತ್ತಿದಾಗ ಮಾತ್ರ ದೀಪ ಬರುತ್ತಿದ್ದರೆ ಈ ಶಂಕೆಯನ್ನು ಅವಶ್ಯವಾಗಿ ತಾಳಬೇಕು.

ಬೀಗದಕೈ ತಿರುಗಿಸಿದೊಡನೆ ಈ ದೀಪಗಳೆಲ್ಲ ಒಮ್ಮೆ ಹೊತ್ತಿ, ಕೆಲವು ಕ್ಷಣಗಳಲ್ಲಿ ಅಥವಾ ಎಂಜಿನ್ ಶುರುವಾದ ಮೇಲೆ ಆರುತ್ತವೆ. ಕೈಬ್ರೇಕು ಎಳೆದಿದ್ದರೆ ಕೆಂಪು ದೀಪ ಮಾತ್ರ ಅದನ್ನು ಇಳಿಸುವವರೆಗೂ ಉಳಿಯುತ್ತದೆ. ಇದು ದೀಪವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಆಗ ಹೊತ್ತದೆ ಇರುವ ದೀಪವು ಆಪತ್ತಿನಲ್ಲಿಯೂ ಹೊತ್ತಲಾರದು. ಆರದೆ ಉಳಿದ ದೀಪವು ಭಯವನ್ನಾದರೂ ಹುಟ್ಟಿಸುತ್ತದೆ. ಎಂದೂ ಹೊತ್ತದ ದೀಪವು ಹುಸಿ ಧೈರ್ಯವನ್ನು ಕೊಡುತ್ತದೆ.

ಆಯಿಲ್ ಸುರಿದು ದೀಪ ಆರಿಸುವ ಪದ್ಧತಿ

ಬ್ರೇಕ್ ಆಯಿಲ್ ಎಂಜಿನ್ ಆಯಿಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಮಾರ್ಗದಲ್ಲಿ ಇರುವ ಅದು ತಗ್ಗಬೇಕಾದರೆ ಎರಡೇ ದಾರಿ: ಎಲ್ಲಿಯೋ ಸೋರಿರಬೇಕು, ಇಲ್ಲವೇ ಪ್ಯಾಡುಗಳು ಸವೆದಿರಬೇಕು. ಪ್ಯಾಡು ಸವೆದಂತೆಲ್ಲ ಗಾಲಿಯ ಬಳಿಯ ಕೊಂತವು ಅಷ್ಟಷ್ಟೇ ಹೊರಗೆ ಸರಿದು ನಿಲ್ಲುತ್ತದೆ; ಅದರ ಹಿಂದೆ ಉಂಟಾದ ಸ್ಥಳವನ್ನು ತುಂಬಲು ಡಬ್ಬಿಯ ದ್ರವವು ಕೆಳಗಿಳಿಯುತ್ತದೆ. ಹೊಸದಾಗಿದ್ದಾಗ ಸುಮಾರು ೧೦ ಮಿಲಿಮೀಟರ್ ದಪ್ಪವಿದ್ದ ಪ್ಯಾಡಿನ ಘರ್ಷಣ ಪದರವು ೩ ಮಿಲಿಮೀಟರಿಗೆ ಬರುವ ಹೊತ್ತಿಗೆ ಡಬ್ಬಿಯ ಮಟ್ಟವೂ ಕಣ್ಣಿಗೆ ಕಾಣುವಂತೆ ಇಳಿದಿರುತ್ತದೆ. ಹೀಗೆ ಡಬ್ಬಿಯ ಮಟ್ಟವು ಕಣ್ಣಿಗೆ ಕಾಣದ ಪ್ಯಾಡುಗಳ ಲೆಕ್ಕವನ್ನು ಬರೆದಿಡುವ ಖಾತೆಯಂತಿದೆ.

ಈಗ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಶಾಲೆಯೊಂದರ ವ್ಯಾನು ಬೆಳಿಗ್ಗೆ ಸಂಜೆ ಮಕ್ಕಳನ್ನು ಹಳ್ಳಿಗಳಿಂದ ಕರೆತಂದು ಬಿಡುತ್ತದೆ. ಜೂನ್ ತಿಂಗಳಲ್ಲಿ ಒಂದು ತಿರುವಿನಲ್ಲಿ ಕೆಂಪು ದೀಪ ಮಿಣುಕಿತು. ಶಾಲೆ ಆಗತಾನೆ ಆರಂಭವಾಗಿದೆ. ವ್ಯಾನು ನಿಂತರೆ ಮಕ್ಕಳು ಬರುವಂತಿಲ್ಲ. ಚಾಲಕನು ಅಂಗಡಿಯಿಂದ ಒಂದು ಬಾಟಲಿ ಬ್ರೇಕ್ ಆಯಿಲ್ ತಂದು ಮೇಲಿನ ಗುರುತಿನವರೆಗೆ ಸುರಿದನು. ದೀಪ ಆರಿತು. ಎಲ್ಲರಿಗೂ ಸಮಾಧಾನವಾಯಿತು. ಪ್ಯಾಡುಗಳು ಮಾತ್ರ ಎಷ್ಟು ಸವೆದಿದ್ದವೋ ಅಷ್ಟೇ ಸವೆದಿದ್ದವು. ಸೆಪ್ಟೆಂಬರಿನಲ್ಲಿ ಮುಂದಿನ ಗಾಲಿಯಿಂದ ಕಿರ್ರೆಂಬ ಸದ್ದು ಆರಂಭವಾಯಿತು. ಧೂಳು ಸೇರಿರಬಹುದೆಂದು ಬಿಟ್ಟರು. ಡಿಸೆಂಬರಿನಲ್ಲಿ ಶೈಕ್ಷಣಿಕ ಪ್ರವಾಸ. ಮಕ್ಕಳಿಗೆ ಕಡಲನ್ನು ತೋರಿಸಲು ವ್ಯಾನು ಯಲ್ಲಾಪುರ ದಾಟಿ ಅರಬೈಲ್ ಘಟ್ಟವನ್ನು ಇಳಿಯತೊಡಗುತ್ತದೆ. ಪ್ಯಾಡಿನ ಪದರವು ಮುಗಿದು ಅದರ ಕಬ್ಬಿಣದ ಬೆನ್ನು ಡಿಸ್ಕನ್ನು ಕೆರೆಯುತ್ತಿದೆ. ಡಬ್ಬಿಯಲ್ಲಿ ಆಯಿಲ್ ತುಂಬಿಯೇ ಇರುವುದರಿಂದ ದೀಪವು ಹೊತ್ತುವುದಿಲ್ಲ. ಜೂನಿನಲ್ಲಿ ಒಮ್ಮೆ ಸತ್ಯವನ್ನು ನುಡಿದ ದೀಪದ ಬಾಯಿಯನ್ನು ಕಟ್ಟಿದ್ದಾಗಿದೆ.

ಇಲ್ಲಿ ಯಾರೂ ದುರುದ್ದೇಶದಿಂದ ನಡೆದುಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ದೀಪವನ್ನು ಆರಿಸುವುದೂ ದೋಷವನ್ನು ನಿವಾರಿಸುವುದೂ ಒಂದೇ ಎಂಬ ತಪ್ಪು ತಿಳಿವಳಿಕೆಯೇ ಈ ಅನರ್ಥಕ್ಕೆ ಮೂಲ. ಆಯಿಲ್ ಸುರಿಯುವುದು ತಪ್ಪಲ್ಲ. ಏಕೆ ತಗ್ಗಿತು ಎಂದು ಕೇಳದೆ ಸುರಿಯುವುದು ತಪ್ಪು. ಸುರಿದ ದಿನವೇ ನಾಲ್ಕು ಗಾಲಿಗಳ ಪ್ಯಾಡು, ಲೈನಿಂಗುಗಳನ್ನು ಬಿಚ್ಚಿ ನೋಡಿಸಬೇಕು. ಗಾಲಿಗಳ ಒಳಮೈ, ಪೈಪಿನ ಸಂದುಗಳು, ಮಾಸ್ಟರ್ ಸಿಲಿಂಡರಿನ ಬುಡ ಇವುಗಳಲ್ಲಿ ತೇವವಿದೆಯೇ ಎಂದು ಪರೀಕ್ಷಿಸಬೇಕು. ಪ್ಯಾಡು ಸವೆತದಿಂದ ಮಟ್ಟವು ತಿಂಗಳುಗಳಲ್ಲಿ ಇಳಿಯುತ್ತದೆ. ದಿನಗಳಲ್ಲಿ ಇಳಿದರೆ ಅದು ಸೋರಿಕೆಯೇ ಸರಿ.

ಆಯಿಲ್ ಎಂಬ ಹೆಸರೂ ಒಂದು ಎಡವಟ್ಟಿಗೆ ಕಾರಣವಾಗುತ್ತದೆ. ಸಾಮಾನ್ಯ ಕಾರುಗಳ ಬ್ರೇಕ್ ಆಯಿಲ್ ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ ದ್ರವ. ಕೈಗೆ ಸಿಕ್ಕಿತೆಂದು ಎಂಜಿನ್ ಆಯಿಲನ್ನು ಸುರಿದರೆ ಒಳಗಿನ ರಬ್ಬರ್ ಭಾಗಗಳು ಉಬ್ಬಿ ಇಡೀ ವ್ಯವಸ್ಥೆಯೇ ಕೆಡುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ ೩ ಅಥವಾ ಡಾಟ್ ೪ ಎಂದು ನಮೂದಿಸಿರುವ ಜಾತಿಯನ್ನೇ, ಮುದ್ರೆ ಒಡೆಯದ ಬಾಟಲಿಯಿಂದಲೇ ಹಾಕತಕ್ಕದ್ದು.

ಹಳದಿ ದೀಪಗಳು

ಕೆಂಪು ಬಣ್ಣವು ‘ನಿಲ್ಲು’ ಎಂದರೆ, ಹಳದಿಯು ‘ನೋಡಿಕೋ’ ಎನ್ನುತ್ತದೆ. ಹಳದಿ ದೀಪಗಳಲ್ಲಿ ಎರಡು ಮುಖ್ಯವಾದವು. ವೃತ್ತದ ಎರಡು ಬದಿಗೆ ತುಂಡುತುಂಡಾದ ಗೆರೆಗಳಿರುವ ದೀಪವು ಪ್ಯಾಡುಗಳು ಸವೆದು ಮಿತಿಯನ್ನು ಮುಟ್ಟಿರುವುದನ್ನು ಸೂಚಿಸುತ್ತದೆ. ಪ್ಯಾಡಿನೊಳಗೆ ಹುದುಗಿಸಿದ ಸಣ್ಣ ತಂತಿಯು ಡಿಸ್ಕಿಗೆ ತಗುಲಿ ತುಂಡಾದಾಗ ಇದು ಹೊತ್ತುತ್ತದೆ. ಈ ಸೌಕರ್ಯವು ಎಲ್ಲ ಕಾರುಗಳಲ್ಲಿಲ್ಲ. ಇಲ್ಲದ ಅನೇಕ ಕಾರುಗಳಲ್ಲಿ ಪ್ಯಾಡಿಗೆ ಅಂಟಿಸಿದ ತೆಳುವಾದ ಲೋಹದ ಪಟ್ಟಿಯು ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ. ಮೇಲೆ ಹೇಳಿದ ವ್ಯಾನಿನಲ್ಲಿ ಸೆಪ್ಟೆಂಬರಿನಲ್ಲಿ ಕೇಳಿಸಿದ್ದು ಈ ಸದ್ದೇ.

ಎರಡನೆಯದು ಎ.ಬಿ.ಎಸ್. ಎಂಬ ಅಕ್ಷರಗಳುಳ್ಳ ದೀಪ. ಬಲವಾಗಿ ಬ್ರೇಕು ಹಾಕಿದಾಗ ಗಾಲಿಗಳು ಪೂರ್ತಿ ಹಿಡಿದುಕೊಂಡು ಜಾರದಂತೆ, ಒತ್ತಡವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಗೊಳಿಸುವ ವಿದ್ಯುನ್ಮಾನ ವ್ಯವಸ್ಥೆಯಿದು. ೧೯೭೮ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ರೂಪಿಸಿದ ಇದನ್ನು ಮರ್ಸಿಡಿಸ್ ಬೆಂಜ್ ಕಾರಿಗೆ ಅಳವಡಿಸಲಾಯಿತು. ಭಾರತದಲ್ಲಿ ೨೦೧೯ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಈ ಹಳದಿ ದೀಪವೊಂದೇ ಹೊತ್ತಿದ್ದರೆ ಸಾಧಾರಣ ಬ್ರೇಕು ಎಂದಿನಂತೆ ಇರುತ್ತದೆ; ಗಾಲಿ ಜಾರದಂತೆ ಕಾಯುವ ನೆರವು ಮಾತ್ರ ಇಲ್ಲ. ವೇಗವನ್ನು ತಗ್ಗಿಸಿ, ಮುಂದಿನ ವಾಹನದಿಂದ ಹೆಚ್ಚು ಅಂತರವಿರಿಸಿ, ವಿಶೇಷವಾಗಿ ಮಳೆಯಲ್ಲಿ ಜಾಗರೂಕತೆಯಿಂದ ನಡೆಸಿ, ಬೇಗನೆ ಗ್ಯಾರೇಜಿಗೆ ಒಯ್ಯಬೇಕು. ಆದರೆ ಕೆಂಪು ಮತ್ತು ಹಳದಿ ದೀಪಗಳೆರಡೂ ಒಟ್ಟಿಗೆ ಹೊತ್ತಿದರೆ ವಿಷಯವು ಬೇರೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಬ್ರೇಕಿನ ಬಲವನ್ನು ಹಂಚುವ ವ್ಯವಸ್ಥೆಯೂ ಕೆಟ್ಟಿರಬಹುದು. ಆಗ ಹಿಂದಿನ ಗಾಲಿಗಳು ಮೊದಲೇ ಹಿಡಿದುಕೊಂಡು ವಾಹನವು ಅಡ್ಡ ತಿರುಗುವ ಭಯವಿರುತ್ತದೆ. ಅಂಥ ವಾಹನವನ್ನು ಮುಂದಕ್ಕೆ ನಡೆಸಬಾರದು.

ದಾರಿಯಲ್ಲಿ ದೀಪ ಹೊತ್ತಿದಾಗ

ವಾಹನವು ಓಡುತ್ತಿರುವಾಗ ಕೆಂಪು ದೀಪ ಹೊತ್ತಿದರೆ ಮೊದಲು ಮಾಡಬೇಕಾದುದು ಗಾಬರಿಗೊಳ್ಳದೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು. ಕೈಬ್ರೇಕಿನ ಸನ್ನೆ ಪೂರ್ತಿ ಕೆಳಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಬಳಿಕ ಹಿಂದಿನಿಂದ ಬರುವ ವಾಹನಗಳನ್ನು ಕನ್ನಡಿಯಲ್ಲಿ ನೋಡಿಕೊಂಡು ಪೆಡಲನ್ನು ಮೃದುವಾಗಿ ಒತ್ತಿ ಅದರ ಸ್ಥಿತಿಯನ್ನು ತಿಳಿಯಬೇಕು. ಎಂದಿನಂತೆ ಗಟ್ಟಿಯಾಗಿದ್ದರೆ ರಸ್ತೆಯ ಬದಿಯ ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಬೇಕು.

ಪೆಡಲು ಕೆಳಕ್ಕೆ ಕುಸಿದರೆ ಬೇಗಬೇಗನೆ ಹಲವು ಸಲ ತುಳಿಯಬೇಕು. ಉಳಿದಿರುವ ದ್ರವದಿಂದ ಸ್ವಲ್ಪ ಒತ್ತಡ ಕೂಡಿಬರಬಹುದು. ಎ.ಬಿ.ಎಸ್. ಇರುವ ಕಾರಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯಬಾರದೆಂಬ ಮಾತು ಬ್ರೇಕು ಸುಸ್ಥಿತಿಯಲ್ಲಿರುವಾಗಿನದು. ಪೆಡಲು ಕುಸಿದಾಗ ಅದು ಅನ್ವಯಿಸದು. ಅದರೊಡನೆ ಗೇರನ್ನು ಒಂದೊಂದಾಗಿ ಇಳಿಸಿ ಎಂಜಿನ್ನಿನ ತಡೆಯಿಂದ ವೇಗವನ್ನು ಕುಗ್ಗಿಸಬೇಕು. ಕೈಬ್ರೇಕನ್ನು ಗುಂಡಿ ಒತ್ತಿ ಹಿಡಿದು ಮೆಲ್ಲಮೆಲ್ಲನೆ ಎಳೆಯಬೇಕು. ಒಮ್ಮೆಲೇ ಎಳೆದರೆ ಹಿಂದಿನ ಗಾಲಿಗಳು ಹಿಡಿದುಕೊಂಡು ವಾಹನ ತಿರುಗಿ ಹೋದೀತು. ಕೈಬ್ರೇಕಿಗೆ ಸನ್ನೆಯಿಲ್ಲದೆ ವಿದ್ಯುತ್ ಗುಂಡಿ ಮಾತ್ರವಿರುವ ಹೊಸ ಕಾರುಗಳಲ್ಲಿ ಅದನ್ನು ಬಳಸುವ ಕ್ರಮವು ಕಾರಿನ ಕೈಪಿಡಿಯಲ್ಲಿರುತ್ತದೆ. ಅದನ್ನು ಮನೆಯಲ್ಲಿ ಬಿಡುವಿನಲ್ಲಿ ಓದಿಟ್ಟುಕೊಳ್ಳತಕ್ಕದ್ದು. ಓಡುತ್ತಿರುವಾಗ ಎಂಜಿನ್ನನ್ನು ಎಂದಿಗೂ ನಿಲ್ಲಿಸಬಾರದು. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿದ ನೆರವು ಒಂದೆರಡು ತುಳಿತಕ್ಕೆ ಮಾತ್ರ ಸಾಲುತ್ತದೆ. ಬಳಿಕ ಪೆಡಲು ಕಲ್ಲಿನಂತಾಗುತ್ತದೆ. ಬೀಗದಕೈಯನ್ನು ಹೊರತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳುವ ಅಪಾಯವೂ ಉಂಟು.

ವಾಹನ ನಿಂತ ಮೇಲೆ ಅಪಾಯಸೂಚಕ ದೀಪಗಳನ್ನು ಹಾಕಿ, ಗಾಲಿಗಳಿಗೆ ಕಲ್ಲುಕೊಟ್ಟು, ಮಕ್ಕಳನ್ನೂ ಪ್ರಯಾಣಿಕರನ್ನೂ ರಸ್ತೆಯಿಂದ ದೂರ ಇಳಿಸಬೇಕು. ಆಮೇಲೆ ಬಾನೆಟ್ ತೆರೆದು ಡಬ್ಬಿಯ ಮಟ್ಟ ನೋಡಬೇಕು. ಮಟ್ಟ ತಗ್ಗಿದ್ದರೆ, ಪೆಡಲು ಮೆತ್ತಗಾಗಿದ್ದರೆ ಅಥವಾ ಗಾಲಿಯ ಬಳಿ ತೇವ ಕಂಡರೆ ಅಲ್ಲಿಗೆ ಪ್ರಯಾಣ ಮುಗಿಯಿತೆಂದೇ ತಿಳಿಯಬೇಕು. ಮೆಕ್ಯಾನಿಕನನ್ನು ಅಲ್ಲಿಗೇ ಕರೆಸುವುದು ಅಥವಾ ವಾಹನವನ್ನು ಎಳೆಸಿಕೊಂಡು ಹೋಗುವುದು ಉಚಿತ. ದೀಪವು ಯಾವಾಗ ಹೊತ್ತಿತು, ತಿರುವಿನಲ್ಲೋ ಪೆಡಲು ಒತ್ತಿದಾಗಲೋ, ಅದಕ್ಕೆ ಮುಂಚೆ ಯಾರಾದರೂ ಆಯಿಲ್ ಹಾಕಿದ್ದರೋ ಎಂಬುದನ್ನು ಮೆಕ್ಯಾನಿಕನಿಗೆ ತಿಳಿಸಿದರೆ ಅವನ ಕೆಲಸವು ಅರ್ಧ ಹಗುರವಾಗುತ್ತದೆ.

ದೀಪವು ಹೇಳಲಾರದ ಮಾತು

ದೀಪವನ್ನು ನಂಬಬೇಕು; ಅದೊಂದನ್ನೇ ನಂಬಬಾರದು. ಅದು ಮುಖ್ಯವಾಗಿ ದ್ರವದ ಮಟ್ಟವನ್ನು ನೋಡುತ್ತದೆ, ಗುಣವನ್ನು ನೋಡುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರುತ್ತದೆ. ಡಾಟ್ ೩ ಜಾತಿಯ ಹೊಸ ದ್ರವದ ಕುದಿಬಿಂದು ೨೦೫ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಿರಬಾರದೆಂಬ ನಿಯಮವಿದೆ. ಅದೇ ದ್ರವದಲ್ಲಿ ಶೇಕಡ ೩.೭ರಷ್ಟು ನೀರು ಸೇರಿದಾಗ ನಿಯಮವು ಒಪ್ಪುವ ಕನಿಷ್ಠ ಕುದಿಬಿಂದು ೧೪೦ ಡಿಗ್ರಿ. ಡಾಟ್ ೪ ದ್ರವಕ್ಕೆ ಈ ಅಂಕಿಗಳು ೨೩೦ ಮತ್ತು ೧೫೫. ದ್ರವವು ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು; ಆದುದರಿಂದ ಪೆಡಲು ನೆಲಕ್ಕಿಳಿದರೂ ಗಾಲಿಗೆ ಒತ್ತಡ ತಲಪದು. ಆಗಲೂ ಡಬ್ಬಿಯು ತುಂಬಿರುವುದರಿಂದ ದೀಪ ಹೊತ್ತದೆ ಇರಬಹುದು.

ಘಟ್ಟದ ಇಳಿಜಾರುಗಳಲ್ಲಿ ಈ ಅಪಾಯವು ಅಧಿಕ. ಮೊದಲು ಹೇಳಿದ ೧,೨೦೦ ಕಿಲೋಗ್ರಾಂ ತೂಕದ ಕಾರು ೫೦೦ ಮೀಟರ್ ಎತ್ತರದಿಂದ ಕೆಳಗಿಳಿಯಿತೆನ್ನೋಣ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ತಾಳಬೇಕಾದರೆ, ಗಂಟೆಗೆ ೬೦ ಕಿಲೋಮೀಟರ್ ವೇಗದಿಂದ ಕಾರನ್ನು ೩೫ ಸಲ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ಆಗುಂಬೆ, ಚಾರ್ಮಾಡಿ, ಶಿರಾಡಿ, ಅರಬೈಲ್ ಘಟ್ಟಗಳಲ್ಲಿ ಪಳಗಿದ ಹಳೆಯ ಚಾಲಕರು ‘ಏರಿದ ಗೇರಿನಲ್ಲಿಯೇ ಇಳಿಯಬೇಕು’ ಎನ್ನುವುದರ ಮರ್ಮವಿದು. ಕೆಳಗಿನ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ಹಿಡಿದಿಡುತ್ತದೆ. ಬ್ರೇಕಿಗೆ ತಣಿಯಲು ಬಿಡುವು ದೊರೆಯುತ್ತದೆ. ಇಂಧನ ಉಳಿಸಲೆಂದು ಗೇರು ತಪ್ಪಿಸಿ ಇಳಿಯುವುದು ಆತ್ಮಘಾತಕ್ಕೆ ಸಮಾನ. ಬ್ರೇಕ್ ಆಯಿಲನ್ನು ತಯಾರಕರು ಹೇಳಿದ ಅವಧಿಗೆ, ಬಹಳ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ, ಪೂರ್ತಿ ಬದಲಾಯಿಸುವುದು ಈ ಕಾರಣದಿಂದಲೇ ಅವಶ್ಯ.

ದೀಪವು ಮೌನವಾಗಿರುವಾಗ ಪೆಡಲು ಮಾತಾಡುತ್ತದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಾಗ ತಾನಾಗಿ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ ಅಥವಾ ಎಲ್ಲಿಯೋ ಸೋರುತ್ತಿದೆ. ಅಸಾಧಾರಣವಾಗಿ ಗಡುಸಾಗಿದ್ದರೆ ಬೂಸ್ಟರಿನ ನೆರವು ನಿಂತಿದೆ. ವಾಹನವು ಒಂದು ಪಕ್ಕಕ್ಕೆ ಎಳೆದರೆ ಎರಡು ಬದಿಗಳ ಬ್ರೇಕು ಸಮನಾಗಿಲ್ಲ.

ದೊಡ್ಡ ಬಸ್ಸುಗಳ ವಿಷಯ

ದೊಡ್ಡ ಬಸ್ಸು ಲಾರಿಗಳಲ್ಲಿ ಸಾಮಾನ್ಯವಾಗಿ ದ್ರವದ ಬದಲು ಒತ್ತಿದ ಗಾಳಿಯು ಬ್ರೇಕನ್ನು ನಡೆಸುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ ೧೮೬೯ರಲ್ಲಿ ರೈಲುಗಳಿಗಾಗಿ ರೂಪಿಸಿದ ಗಾಳಿಬ್ರೇಕಿನ ಸಂತತಿಯಿದು. ಇಲ್ಲಿ ಕೆಂಪು ದೀಪದ ಜೊತೆಗೆ ಗಾಳಿಯ ಒತ್ತಡವನ್ನು ತೋರಿಸುವ ಮಾಪಕವೂ, ಒತ್ತಡ ತಗ್ಗಿದಾಗ ಗುಂಯ್‌ಗುಡುವ ಬಜರೂ ಇರುತ್ತವೆ. ರಾತ್ರಿಯೆಲ್ಲ ನಿಂತಿದ್ದ ಬಸ್ಸಿನಲ್ಲಿ ಗಾಳಿ ಇಳಿದಿರುವುದು ಸಹಜ. ಎಂಜಿನ್ ಶುರುಮಾಡಿ, ಮಾಪಕದ ಮುಳ್ಳು ನಿಗದಿತ ಗುರುತಿಗೆ ಬರುವವರೆಗೆ, ಬಜರಿನ ಸದ್ದು ನಿಲ್ಲುವವರೆಗೆ ಬಸ್ಸನ್ನು ಕದಲಿಸಬಾರದು. ಆ ಕೆಲವು ನಿಮಿಷಗಳ ತಡವನ್ನು ಚಾಲಕನ ಸೋಮಾರಿತನವೆಂದು ಎಣಿಸುವವರಿದ್ದಾರೆ. ಅವನು ಮಾಡುತ್ತಿರುವುದು ತನ್ನ ಕರ್ತವ್ಯವನ್ನು.

ಸಂಸ್ಥೆಗಳ ಹೊಣೆ

ಮೇಲಿನ ವಿವರಗಳನ್ನು ಅರಿತ ಚಾಲಕನೂ ಅರಿವಿನಂತೆ ನಡೆಯಬೇಕಾದರೆ ಅವನಿಗೆ ಆಸರೆ ಬೇಕು. ‘ಸರ್, ಬ್ರೇಕಿನ ದೀಪ ಹೊತ್ತಿದೆ, ಇವತ್ತು ಗಾಡಿ ತೆಗೆಯುವುದು ಬೇಡ’ ಎಂದು ಬೆಳಿಗ್ಗೆ ಏಳು ಗಂಟೆಗೆ ಹೇಳುವುದು ಸುಲಭವಲ್ಲ. ಪರೀಕ್ಷೆಯಿರಬಹುದು, ಅತಿಥಿಗಳು ಕಾದಿರಬಹುದು. ‘ನಿನ್ನೆ ಚೆನ್ನಾಗಿಯೇ ಇತ್ತಲ್ಲ’ ಎಂಬ ಪ್ರಶ್ನೆ ಬಂದೀತು. ಅಂಥ ದಿನ ಚಾಲಕನು ಗದರಿಕೆಗೆ ಗುರಿಯಾದರೆ ಮರುಸಲ ಅವನು ಹೇಳುವುದಿಲ್ಲ. ಒಂದು ಬಾಟಲಿ ಆಯಿಲ್ ಸುರಿದು ಸುಮ್ಮನಾಗುತ್ತಾನೆ. ಕೆಂಪು ದೀಪದ ವಿಷಯದಲ್ಲಿ ಚಾಲಕನ ಮಾತೇ ಅಂತಿಮವೆಂದು ಆಡಳಿತ ಮಂಡಳಿಯು ಮುಂಚಿತವಾಗಿಯೇ ನಿರ್ಧರಿಸಿ, ಅಂದು ಬೇರೆ ವಾಹನದ ಏರ್ಪಾಡನ್ನು ಯೋಚಿಸಿಟ್ಟರೆ ಈ ಕೇಡು ತಪ್ಪುತ್ತದೆ.

ಇನ್ನೆರಡು ಸಣ್ಣ ಏರ್ಪಾಡುಗಳು ದೊಡ್ಡ ಫಲ ಕೊಡಬಲ್ಲವು. ಮೊದಲನೆಯದಾಗಿ, ವಾಹನದಲ್ಲಿ ಒಂದು ಪುಸ್ತಕವನ್ನಿಟ್ಟು, ಬ್ರೇಕ್ ಆಯಿಲನ್ನು ಎಂದು ಎಷ್ಟು ಹಾಕಲಾಯಿತು, ಪ್ಯಾಡುಗಳನ್ನು ಎಂದು ನೋಡಲಾಯಿತು ಎಂಬುದನ್ನು ದಿನಾಂಕಸಹಿತ ಬರೆಯುವುದು. ಎರಡು ತಿಂಗಳಲ್ಲಿ ಎರಡು ಸಲ ಆಯಿಲ್ ಹಾಕಿದ ನಮೂದನ್ನು ಕಂಡ ಯಾರಿಗಾದರೂ ಸಂಶಯ ಹುಟ್ಟದೆ ಇರದು. ಎರಡನೆಯದಾಗಿ, ವಾಹನವನ್ನು ದಾನವಾಗಿ ಕೊಡುವ ಮಹನೀಯರು ಅದರ ಪಾಲನೆಗೂ ಒಂದಿಷ್ಟು ನಿಧಿಯನ್ನು ತೆಗೆದಿಡುವುದು. ವಾಹನದ ಮೇಲೆ ದಾನಿಯ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಪ್ಯಾಡುಗಳು ಅಷ್ಟು ಕಾಲ ಬಾಳುವುದಿಲ್ಲ. ಸಾರಿಗೆ ಇಲಾಖೆಯ ಅರ್ಹತಾ ಪತ್ರವು ಪರೀಕ್ಷೆ ನಡೆದ ಆ ಒಂದು ದಿನದ ಸ್ಥಿತಿಯನ್ನು ದೃಢಪಡಿಸುತ್ತದೆ. ಉಳಿದ ದಿನಗಳ ಸ್ಥಿತಿಯನ್ನು ನೋಡಿಕೊಳ್ಳಬೇಕಾದವರು ವಾಹನ ಉಳ್ಳವರೇ.

ಶಾಲೆಯ ಅಂಗಳದಲ್ಲಿ ಚಾಲಕನು ಬೀಗದಕೈ ತಿರುಗಿಸಿ, ದೀಪಗಳು ಹೊತ್ತಿದುದನ್ನು ನೋಡಿ, ಕೈಬ್ರೇಕು ಇಳಿಸಿದ ಮೇಲೆ ಕೆಂಪು ದೀಪವೂ ಆರಿತೆಂದು ಖಚಿತಪಡಿಸಿಕೊಂಡು, ಪೆಡಲನ್ನು ಒಮ್ಮೆ ಒತ್ತಿ ಅದರ ಬಿಗಿಯನ್ನು ಅರಿತು, ಕೈಬ್ರೇಕನ್ನು ಮತ್ತೆ ಎಳೆದು, ಅನಂತರ ಮಕ್ಕಳನ್ನು ಹತ್ತಿಸಿಕೊಳ್ಳಲು ಬೇಕಾಗುವ ಸಮಯ ಅರ್ಧ ನಿಮಿಷ. ಪ್ರತಿದಿನ ಬೆಳಿಗ್ಗೆ ಈ ಅರ್ಧ ನಿಮಿಷವನ್ನು ತಪ್ಪದೆ ಕೊಡುವ ಚಾಲಕನೂ, ಆ ದಿನ ದೀಪ ಆರದಿದ್ದರೆ ಅವನ ಮಾತನ್ನು ಮನ್ನಿಸುವ ಹಿರಿಯರೂ ಇರುವಲ್ಲಿ ಮಕ್ಕಳು ಸಂಜೆ ಕ್ಷೇಮವಾಗಿ ಮನೆ ಸೇರುತ್ತಾರೆ.